ಆರು ಗಂಟೆ ಮೇಲೆ ಫೋನ್ ಮಾಡಿ

ಲೇಬಿಶ್: ಏನಂದೆ ಅಂತ ಕೇಳ್ತಿದ್ದೀನಿ.

ಬ್ಲೂಮಾ: ಏನೂ ಅನ್ನಲಿಲ್ಲ ಅಂತ ಹೇಳ್ತಾನೇ ಇದ್ದೀನಲ್ಲ!

ಲೇಬಿಶ್: ಅದೇ ಭಯ ಕಣೇ ನನಗೆ. ಹುಡುಗನ ತಾಯಿ ಫೋನಲ್ಲಿ ಏನು ಕೇಳಿದ್ರು, ನೀನು ಏನು ಹೇಳಿದೆ, ಇದ್ದದ್ದು ಇದ್ದ ಹಾಗೆ ಹೇಳು.

ಜೆರುಸಲೇಮಿನ ಹಳೆಯ ಓಣಿಯೊಂದರ ಕೆಳಮನೆ. ಮರುದಿನ ಸಂಜೆ ಶುರುವಾಗುವ ಶಬ್ಬತ್ತಿಗೆ, ವಾರದ ಆ ವಿಶ್ರಾಂತಿ ದಿನದ ಊಟಕ್ಕೆಂದು, ಗಂಡನಿಗೆ ಉತ್ತರ ಕೊಡುತ್ತಲೇ ಬ್ಲೂಮಾ ಮೀನಿನ ಉಂಡೆಗೆ ಈರುಳ್ಳಿ ಹೆಚ್ಚುತ್ತಿದ್ದಳು. ಓಣಿಯ ಹೆಂಗಸರೆಲ್ಲ ಸೇರಿ ಒಂದು ವ್ರತ ಹಿಡಿದಿದ್ದರು: ದಿನವನ್ನು ಹಂಚಿಕೊಂಡು, ತಂತಮ್ಮ ಪಾಳಿಯಲ್ಲಿ ಯಾರ ಮೇಲೂ ಕೆಟ್ಟ ಮಾತು ಆಡಬಾರದು, ಕೇಳಲೂಬಾರದು. ಬ್ಲೂಮಾಳ ಪಾಲಿಗೆ ಸಂಜೆ ನಾಲ್ಕರಿಂದ ಆರು ಬಂದಿತ್ತು. ಅವಳಿಗೆ ಉಪವಾಸವಾದರೂ ಇಷ್ಟು ಕಷ್ಟವಿರಲಿಲ್ಲ.

ಬ್ಲೂಮಾ: ಗಿಟ್ಟಲಮ್ಮ ಫೋನ್ ಮಾಡಿದ್ರು. "ನಿಮ್ಮ ಮೇಲ್ಮನೆ ಹದಾಸಾ ಹೇಗೆ, ನಮ್ಮ ಹುಡುಗನಿಗೆ ತರಬಹುದಾ?" ಅಂದ್ರು. ನಾನು ಮರ್ಯಾದೆಯಾಗೇ ಹೇಳಿದೆ, "ಅಮ್ಮಾ, ಈಗ ನಾನು ಯಾರ ಮೇಲೂ ಕೆಟ್ಟದ್ದು ಆಡೋ ಹಾಗಿಲ್ಲ. ಆರು ಗಂಟೆ ಮೇಲೆ ಫೋನ್ ಮಾಡಿ" ಅಂತ.

ಲೇಬಿಶ್ ತಲೆ ಮೇಲಿನ ಟೋಪಿ ತೆಗೆದ. ಗಂಡಸು ಬರಿತಲೆಯಲ್ಲಿ ಇರಬಾರದೆಂಬ ನೇಮ ನೆನಪಾಗಿ ಮತ್ತೆ ಇಟ್ಟುಕೊಂಡ.

ಲೇಬಿಶ್: ಆರು ಗಂಟೆ ಮೇಲೆ ಕೆಟ್ಟದ್ದು ಆಡ್ತೀನಿ ಅಂತ ಆಯ್ತಲ್ಲೇ!

ಬ್ಲೂಮಾ: ಅಯ್ಯೋ! ಆ ಮಗು ಮೇಲೆ ಆಡೋಕೆ ನನ್ನ ಹತ್ರ ಏನಿದೆ?

ಲೇಬಿಶ್: ಹಾಗಂತ ಬಾಯಿಬಿಟ್ಟು ಹೇಳಬೇಕಿತ್ತಪ್ಪ.

ಬ್ಲೂಮಾ: ಬಾಯಿ ತೆಗೆದರೆ ಎಲ್ಲಿ ಹೋಗಿ ನಿಲ್ಲುತ್ತೆ ಅಂತ ನನಗೇ ಗೊತ್ತಿರಲ್ಲ. ಅದಕ್ಕೇ ತೆಗೀಲಿಲ್ಲ.

ಲೇಬಿಶ್: ಮೂವತ್ತು ವರ್ಷದಿಂದ ಮುಚ್ಚೇ ಅಂದ್ರೆ ಮುಚ್ಚಲಿಲ್ಲ. ತೆಗೀಬೇಕಾದ ದಿನ ಬಂತು, ಅವತ್ತೇ ಮುಚ್ಚಿದೆ! ಆ ಹುಡುಗಿಗೆ ಆಗಲೇ ಎರಡು ಸಂಬಂಧ ತಪ್ಪಿದೆ. ಇದೂ ತಪ್ಪಿದರೆ ನಾವು ಮೆಟ್ಟಿಲಲ್ಲಿ ಯಾವ ಮುಖ ಇಟ್ಕೊಂಡು ಓಡಾಡೋದು? ಮಾಡು ಫೋನು.

ಬ್ಲೂಮಾ ಒದ್ದೆ ಕೈಯಲ್ಲೇ ಫೋನ್ ಮಾಡಿದಳು. ಗಿಟ್ಟಲಮ್ಮನ ದನಿ ಗೋಡೆಯಾಚೆಗೂ ಕೇಳುವಂಥದ್ದು.

ಬ್ಲೂಮಾ: ಹುಡುಗಿ ಅಪರಂಜಿ ಕಣಮ್ಮ. ಮೆಟ್ಟಿಲು ಇಳಿದುಹೋದರೆ ಸದ್ದೇ ಕೇಳಿಸಲ್ಲ.

ಗಿಟ್ಟಲ್: ಸದ್ದಾಗದ ಹಾಗೆ ಎಲ್ಲಿಗೆ ಹೋಗ್ತಾಳೆ?

ಬ್ಲೂಮಾ: ಪಾಠ ಮಾಡೋಕೆ! ಯಾವಾಗ ನೋಡಿದ್ರೂ ಹಿಂದೆ ಮುಂದೆ ಮಕ್ಕಳು.

ಗಿಟ್ಟಲ್: ಯಾರ ಮಕ್ಕಳು?

ಲೇಬಿಶ್ (ಪಿಸುದನಿಯಲ್ಲಿ): ಅಷ್ಟೊಂದು ಹೊಗಳಬೇಡ ಕಣೇ. ಹೊಗಳಿಕೆ ಹೆಚ್ಚಾದರೆ ಕೇಳಿದವರು "ಆದರೆ" ಅಂತ ಶುರು ಮಾಡ್ತಾರೆ. ನಿನ್ನ ವ್ರತಕ್ಕೆ ಅದೂ ದೋಷವೇ.

ಬ್ಲೂಮಾ (ಅವನ ಕಡೆ ತಿರುಗಿ): ಏನು, ಆದರೆ?

ಗಿಟ್ಟಲ್: ಆದರೆ? ಆದರೆ ಏನಮ್ಮಾ?

ಬ್ಲೂಮಾ ಗಾಬರಿಯಲ್ಲಿ ಫೋನ್ ಇಟ್ಟುಬಿಟ್ಟಳು. ಇಟ್ಟ ಮೇಲೆ, ಅದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲ ಎಂದು ಹೊಳೆಯಿತು. ಸ್ಟೂಲಿನ ಮೇಲೆ ಕುಸಿದು ಗಳಗಳನೆ ಅತ್ತಳು. ಈರುಳ್ಳಿಯ ನೆಪವೂ ಬೇಕೆನಿಸಲಿಲ್ಲ.

ಆರು ಹೊಡೆಯಿತು. ಫೋನ್ ಬಡಿದುಕೊಂಡಿತು.

ಬ್ಲೂಮಾ: ಗಿಟ್ಟಲಮ್ಮ, ನನ್ನ ಪಾಳಿ ಮುಗೀತು, ಈಗ ಬಿಚ್ಚಿ ಹೇಳ್ತೀನಿ...

ಗಿಟ್ಟಲ್: ಬೇಡಮ್ಮಾ, ಬೇಡ! ಆರರಿಂದ ಎಂಟು ನನ್ನ ಪಾಳಿ. ನಮ್ಮ ಓಣಿಯಲ್ಲೂ ಇದೆ. ಅದಕ್ಕೇ ಮೊದಲೇ ಫೋನ್ ಮಾಡಿದ್ದೆ. ಇನ್ನು ಕೆಟ್ಟದ್ದು ನನ್ನ ಕಿವಿಗೆ ಬೀಳೋ ಹಾಗಿಲ್ಲ. ಅಷ್ಟು ಹೇಳೋಣ ಅಂತಲೇ ಮಾಡಿದೆ.

ಬ್ಲೂಮಾ: ಕೆಟ್ಟದ್ದು ಇಲ್ಲವೇ ಇಲ್ಲಮ್ಮ! ನಾನು ಕಾವಲು ಕಾದಿದ್ದು ನನ್ನ ಬಾಯಿಗೆ. ಕೇಳಿ. ಹೋದ ಚಳಿಗಾಲ ಸಂತೆಬೀದಿಯಲ್ಲಿ ಗಾಳಿಗೆ ನನ್ನ ತಲೆವಸ್ತ್ರ ಹಾರಿಹೋಯ್ತು. ಕೂದಲು ಹೊರಗೆ ಕಾಣಿಸಬಾರದ ಮದುವೆಯಾದ ಹೆಂಗಸು, ನಡುಬೀದಿಯಲ್ಲಿ ಬರಿತಲೆಯಲ್ಲಿ ನಿಂತಿದ್ದೆ. ಹದಾಸಾ ಎಲ್ಲಿಂದ ಬಂದಳೋ, ತನ್ನ ಶಾಲು ತೆಗೆದು ನನ್ನ ತಲೆಗೆ ಸುತ್ತಿ, ಚಳಿಯಲ್ಲಿ ನಡುಗಿಕೊಂಡೇ ಮನೆವರೆಗೆ ಬಂದಳು. ಇವತ್ತಿನವರೆಗೆ ಯಾರ ಹತ್ರವೂ ಆ ಮಾತು ಎತ್ತಿಲ್ಲ. ನನ್ನ ಹತ್ರ ಸಹಿತ ಎತ್ತಿಲ್ಲ!

ಲೇಬಿಶ್: ಬರಿತಲೆಯಲ್ಲಾ? ಸಂತೆಬೀದಿಯಲ್ಲಾ? ನನಗೇ ಗೊತ್ತಿಲ್ಲವಲ್ಲೇ!

ಬ್ಲೂಮಾ: ಕೇಳಿಸ್ತಾ ಅಮ್ಮಾ? ನಮ್ಮ ಮನೆಯವರಿಗೇ ಈಗ ಗೊತ್ತಾಗ್ತಿದೆ.

ಬ್ಲೂಮಾ ಸೆರಗಿನಂತೆ ಏಪ್ರನ್ನಿನ ತುದಿ ಹಿಡಿದುಕೊಂಡು ನಿಂತಳು.

ಗಿಟ್ಟಲ್: ಹುಡುಗ ಹುಡುಗಿ ಆಗಲೇ ಒಪ್ಪಿದ್ದಾರೆ. ನಿಮ್ಮ "ಆದರೆ" ಒಂದೇ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಇನ್ನೇನೂ ಕೇಳಲ್ಲ. ಭಾನುವಾರ ನಿಶ್ಚಿತಾರ್ಥ, ಇಬ್ಬರೂ ಬನ್ನಿ.

ಬ್ಲೂಮಾ "ಮಝಲ್ ತೋವ್!" ಎಂದು ಶುಭ ಕೋರಿ ಕೂಗಿದ್ದು ಮೇಲ್ಮನೆಗೂ ಕೇಳಿಸಿರಬೇಕು. ಫೋನ್ ಇಟ್ಟು ಮುಖ ಒರೆಸಿಕೊಂಡಳು. ಅವಳ ಮನಸ್ಸು ಹಗುರಾಗಿತ್ತು.

ಲೇಬಿಶ್: ಸರಿ ಬಿಡು, ಗೆದ್ದೆ. ಒಂದು ಹೇಳು, ನಾಲ್ಕರಿಂದ ತುಟಿ ಕಚ್ಚಿಕೊಂಡು ತಡೆದಿಟ್ಟಿದ್ದೆಯಲ್ಲ, ಹದಾಸಾ ಮೇಲಲ್ಲ ಅಂದ್ರೆ ಅದು ಯಾರ ಮೇಲಿನ ಮಾತು?

ಬ್ಲೂಮಾ: ನಿಮ್ಮ ಮೇಲಿಂದು. ಬಾಗಿಲು ಹಾಕಿ ಬಂದು ಕೂತ್ಕೊಳ್ಳಿ. ಮುಖಕ್ಕೇ ಹೇಳಿದ್ರೆ ಅದು ಚಾಡಿ ಅಲ್ಲ.