ಸುಳ್ಳು ಬಾರದ ಅತ್ತೆ, ಸೂಜಿಗೆ ಅಂಜುವ ಮಗಳು

ನಮ್ಮ ಸೋದರತ್ತೆಯನ್ನು ಶುಭಕಾರ್ಯಕ್ಕೆ ಕರೆಯಬೇಕಾದರೆ ಎಂಟೆದೆ ಬೇಕು! ಆಕೆ ಜಗಳಗಂಟಿಯಲ್ಲ, ಚಾಡಿ ಹೇಳುವವಳೂ ಅಲ್ಲ. ಆಕೆಯ ರೋಗವೇ ಬೇರೆ: ಸುಳ್ಳು ಹೇಳಲು ಬರುವುದಿಲ್ಲ. ಬಾಯಿ ತಪ್ಪಿಯೂ ಬರುವುದಿಲ್ಲ!

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವನ್ನೇ ನೋಡಿ. ಹುಡುಗನ ತಾಯಿ ಉಪ್ಪಿಟ್ಟು ತಿಂದು, "ಹುಡುಗಿ ಕೈರುಚಿ ಚಲೋ ಐತ್ರಿ" ಎಂದರು. ಮನೆಮಂದಿಯೆಲ್ಲ ಹಿಗ್ಗಿದೆವು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಅದು ನನ್ನ ಕೈರುಚಿರಿ. ಈಕಿಗೆ ಚಹಾ ಕುದಿಸಾಕೂ ಬರಂಗಿಲ್ಲ" ಎಂದುಬಿಟ್ಟಳು! ಅಪ್ಪನ ಮುಖ ಬಿಳಿಚಿತು. ಹುಡುಗನ ತಾಯಿ ಕೆಮ್ಮು ಬರುವ ತನಕ ನಕ್ಕರು, ಸಂಬಂಧ ಕುದುರಿತು. ಲಾಭವೂ ಆಯಿತೆನ್ನಿ. ಗಂಡನ ಮನೆಯಲ್ಲಿ ಇವತ್ತಿಗೂ ಯಾರೂ ನನಗೆ ಉಪ್ಪಿಟ್ಟು ಮಾಡೆಂದಿಲ್ಲ.

ಇಂಥ ಅತ್ತೆಯ ಊರು ಕಾನಹೊಸಹಳ್ಳಿಗೆ ಕಳೆದ ಬೇಸಿಗೆ ರಜೆಯಲ್ಲಿ ಆರು ವರ್ಷದ ಮಗಳನ್ನು ಕರೆದುಕೊಂಡು ಹೋಗಿದ್ದೆ. ಹೋದ ಮರುದಿನವೇ ಬೀದಿನಾಯಿಯೊಂದು ಮಗಳ ಕಾಲಿಗೆ ಬಾಯಿ ಹಾಕಿತು. ಅತ್ತೆ ನಲ್ಲಿಯ ಕೆಳಗೆ ಕಾಲಿಡಿಸಿ, ಸೋಪು ಹಚ್ಚಿ ಹಚ್ಚಿ ತೊಳೆದಳು. ಚುಚ್ಚುಮದ್ದಿನ ಸೂಜಿ ಅವತ್ತೇ ಆಗಬೇಕು. ಆದರೆ ನನ್ನ ಮಗಳ ಸೂಜಿಭಯ ಅಂತಿಂಥದ್ದೇ? ದರ್ಜಿಯ ಅಂಗಡಿ ಮುಂದೆಯೂ ಕಣ್ಣು ಮುಚ್ಚಿಕೊಂಡು ನಡೆಯುವ ಕೂಸು ಅದು!

"ಐಸ್‌ಕ್ರೀಮ್ ತಿನ್ನಾಕ ಹೋಗೂಣು ಬಾ" ಎಂದೆ. ಅತ್ತೆ ಬಾಯಿ ತೆರೆದಳು. ನಾನು ಕೈ ಮುಗಿದೆ. ಆಕೆ ಬಾಯಿ ಮುಚ್ಚಿಕೊಂಡು ಆಟೊ ಹತ್ತಿದಳು. ದಾರಿಯುದ್ದಕ್ಕೂ ಹಲ್ಲುನೋವಿನವರಂತೆ ಮುಖ ಹಿಂಡಿಕೊಂಡಿದ್ದಳು.

ದವಾಖಾನೆಯ ಬಾಗಿಲಲ್ಲಿ ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ಮಗಳು ನನ್ನ ಕೈ ಕೊಸರಿಕೊಂಡು ಓಡಿದಳು. ಎದುರಿಗೇ ಹೆದ್ದಾರಿ! ಲಾರಿಯೊಂದು ಕಿರ್ರನೆ ಬ್ರೇಕ್ ಹಾಕಿತು. ಧೂಳು ಇಳಿದಾಗ ರಸ್ತೆಯಲ್ಲಿ ಪುಟ್ಟ ಚಪ್ಪಲಿಯೊಂದು ಬಿದ್ದಿತ್ತು. ಮಗಳಿಲ್ಲ.

ಡ್ರೈವರ್ ಕೆಳಗಿಳಿದು, ಪಕ್ಕದ ಚಹಾದಂಗಡಿ ತೋರಿಸಿದ. "ಈ ಕಡೀಗೇ ತಿರುಗಿ ಓಡ್ಯಾಳ್ರಿ. ಏನೂ ಆಗಿಲ್ಲ."

ಅಂಗಡಿಯ ಬೆಂಚಿನ ಕೆಳಗೆ, ಗೋಡೆಗೆ ಆತುಕೊಂಡು ಮಗಳು ಮುದುಡಿ ಕೂತಿದ್ದಳು. ಎಳೆಯಲು ಕೈ ಚಾಚಿದೆ, ಕಚ್ಚಿದಳು! ಅಂಗಡಿಯವನು, "ಅಕ್ಕಾರ, ಈಗ ನಿಮಗೂ ಒಂದು ಸೂಜಿ ಬೇಕಲ್ರಿ" ಎಂದ. ನಗುವ ಸ್ಥಿತಿಯಲ್ಲಿ ಯಾರಿದ್ದರು?

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಬೆಗಾಲಿಟ್ಟು, ತನ್ನ ದಪ್ಪ ದೇಹವನ್ನು ಬೆಂಚಿನ ಕೆಳಗೆ ತೂರಿಸಿದಳು. ಅರ್ಧ ಒಳಗೆ, ಅರ್ಧ ಹೊರಗೆ!

"ನಿಮ್ಮವ್ವ ಸುಳ್ಳು ಹೇಳ್ಯಾಳ. ಸೂಜಿ ಮಾಡಿಸಾಕ ಬಂದೀವಿ" ಎಂದಳು.

"ನೋಯ್ತೈತೇನಜ್ಜಿ?"

"ನೋಯ್ತೈತಿ."

"ಅಳ್ಲೇನು?"

"ಜೋರಾಗಿ ಅಳು. ಡಾಕ್ಟರು ಕಿವಿ ಮುಚ್ಕೋತಾರ."

"ನಾ ಒಲ್ಲೆ ಅಂದ್ರ?"

"ಅದೊಂದು ನಡ್ಯಂಗಿಲ್ಲ ಬಂಗಾರಿ. ನಾಯಿ ಕಡದೈತಿ, ಸೂಜಿ ಬೇಕಾ ಬೇಕು. ಅಂಜಿಕಿ ಆದ್ರ ಆಗಲಿ. ಅಂಜ್ಕೋಂತನ ಹೋಗೂಣು."

ಮಗಳು ಗೋಡೆ ಬಿಟ್ಟು ಒಂದಿಂಚು ಮುಂದೆ ಸರಿದಳು.

"ಚುಚ್ಚೂ ಮುಂಚೆ ಹೇಳ್ತೀ?"

"ಹೇಳ್ತೀನಿ."

ಪುಟ್ಟ ಕೈಯೊಂದು ಬಂದು ಅತ್ತೆಯ ಬೆರಳು ಹಿಡಿಯಿತು.

ಒಳಗೆ ನರ್ಸ್, "ಅಲ್ನೋಡು, ಗಿಣಿ!" ಎಂದು ಕಿಟಕಿ ತೋರಿಸಿದರು. "ಗಿಣೀನೂ ಇಲ್ಲ, ಕಾಗೀನೂ ಇಲ್ಲ. ಈಗ ಚುಚ್ತಾರ" ಎಂದಳು ಅತ್ತೆ. ಮಗಳು ಅತ್ತ ಅಳುವಿಗೆ ಹೊರಗಿನ ಸಾಲಿನಲ್ಲಿದ್ದ ಅರ್ಧ ರೋಗಿಗಳ ಜ್ವರ ಇಳಿದಿರಬೇಕು! ಆದರೆ ತೋಳು ಮಾತ್ರ ಅಲುಗಿಸಲಿಲ್ಲ.

ಬಿಕ್ಕುತ್ತಲೇ ಕೇಳಿದಳು: "ಇನ್ನೂ ಅದಾವೇನಜ್ಜಿ?"

ಇದ್ದವು, ಮುಂದಿನ ದಿನಗಳಲ್ಲಿ ಇನ್ನೂ ಮೂರು-ನಾಲ್ಕು. ನರ್ಸ್ ಕೇಳಿಸದವರಂತೆ ಹತ್ತಿ ಹುಡುಕತೊಡಗಿದರು. ನಾನು ಮತ್ತೊಂದು ಓಟದ ಭಯಕ್ಕೆ ಬಾಗಿಲಿಗೆ ಅಡ್ಡ ನಿಂತೆ.

"ಅದಾವು" ಎಂದಳು ಅತ್ತೆ.

"ನೀ ಬರ್ತೀ?"

"ಬರ್ತೀನಿ."

ಅಷ್ಟೇ. ಮಗಳು ಆಕೆಯ ಹೆಗಲಿಗೆ ತಲೆಯಿಟ್ಟಳು. ಆಟೊ ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಕೂಸನ್ನೆತ್ತಿಕೊಂಡು ಬಿಸಿಲಲ್ಲಿ ನಿಂತ ಅತ್ತೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು.

"ಇಲ್ಲಿ ಕೊಡತ್ತಿ. ಮೊಣಕಾಲು ನೋಯಾಕ ಹತ್ಯಾವಲ್ಲ?" ಎಂದೆ.

"ಹೂಂ, ಭಾಳ ನೋಯಾಕ ಹತ್ಯಾವು" ಎಂದಳು. ಕೂಸನ್ನು ಮಾತ್ರ ಕೊಡಲಿಲ್ಲ.