ಬೆಕ್ಕನ್ನು ಮೂಸಿ ನೋಡಿದ ಭಾನುವಾರ

ದೇವರು ನನಗೆ ಎತ್ತರ ಕೊಡಲಿಲ್ಲ. ಕೂದಲು ಕೊಟ್ಟು ವಾಪಸ್ ತೆಗೆದುಕೊಂಡ. ಆದರೆ ಮೂಗು ಕೊಟ್ಟ! ವಾಶಿಯ ಒಂದು ಹೋಟೆಲಿನಲ್ಲಿ ಇಪ್ಪತ್ತೇಳು ವರ್ಷಗಳಿಂದ ನಾನು ಸೂಪರ್‌ವೈಸರ್. ಬೆಳಿಗ್ಗೆ ಇಡ್ಲಿ ಹಿಟ್ಟಿನ ಮುಚ್ಚಳ ತೆಗೆದು ಒಮ್ಮೆ ಮೂಸಿ, ಹುಳಿ ಬಂದಿದೆಯೋ ಇಲ್ಲವೋ ಎಂದು ತೀರ್ಪು ಕೊಡುತ್ತೇನೆ. ಆ ತೀರ್ಪಿಗೆ ಮೇಲ್ಮನವಿ ಇಲ್ಲ. ಹೀಗಿರುವಾಗ ಒಂದು ಬೆಕ್ಕನ್ನು ಗುರುತಿಸುವುದು ಯಾವ ಮಹಾ ಕೆಲಸ?

ಡೊಂಬಿವಲಿಯ ನಮ್ಮ ಸೊಸೈಟಿಯ ಕಟ್ಟಡಕ್ಕೆ ಬಣ್ಣ ಹೊಡೆಯಲು ಬಿದಿರು ಕಟ್ಟಿ ಹಸಿರು ಬಲೆ ಹೊದಿಸಿದ ದಿನ, ನಮ್ಮ ಬೂದು ಬೆಕ್ಕು ಚಿನ್ನಿ ಹೆದರಿ ಓಡಿತು. ನಾಲ್ಕು ದಿನವಾದರೂ ಪತ್ತೆಯಿಲ್ಲ. ನನ್ನ ಹೆಂಡತಿ ಸುಮತಿ ದಿನಾ ಚಿನ್ನಿಯ ತಟ್ಟೆಗೆ ಹಾಲು ಹಾಕುವಳು, ಸಂಜೆ ಚೆಲ್ಲುವಳು. ತಾನು ಎರಡು ತುತ್ತು ಉಂಡು ಏಳುವಳು. ನಾನು ಊರಿಗೆ ಹೋದಾಗ ಅವಳು ಒಂದು ತುತ್ತು ಕಡಿಮೆ ಉಂಡ ದಾಖಲೆಯಿಲ್ಲ! ಆದರೂ ಅವಳ ಮುಖ ನೋಡಿ ನನಗೆ ಪಾಪ ಅನಿಸುತ್ತಿತ್ತು.

ಭಾನುವಾರ ಅಡುಗೆ ನಾನೇ ಹಿಡಿದೆ. ಬಂಗುಡೆ ಶುಚಿ ಮಾಡಿ, ಬೆಳ್ಳುಳ್ಳಿ ಜಜ್ಜುತ್ತಿದ್ದಾಗ, ನಮ್ಮಲ್ಲೇ ಇದ್ದು ಜೀವಶಾಸ್ತ್ರ ಓದುವ ತಂಗಿಯ ಮಗಳು ಪ್ರಾಚಿ ಬಂದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುವವಳು.

"ಮಾಮಾ, ಹರ್ ಪ್ರಾಣಿ ಕಾ ಅಪ್ನಾ ಸ್ಮೆಲ್ ಹೋತಾ ಹೈ. ಇಮ್ಯೂನ್ ಜೀನ್ಸ್ ಕೀ ವಜಹ್ ಸೆ!"

ರೋಗದ ಜೊತೆ ಹೋರಾಡುವ ಜೀನ್‌ಗಳೇ ಮೈಯ ವಾಸನೆಗೂ ಕೈ ಹಾಕುತ್ತವಂತೆ. ಅವು ಒಂದೊಂದು ಪ್ರಾಣಿಯಲ್ಲಿ ಒಂದೊಂದು ಥರ, ಹಾಗಾಗಿ ವಾಸನೆಯೂ ಬೇರೆ ಬೇರೆ. ಇಲಿಗಳಂತೂ ಮೂಸಿಯೇ ನೆಂಟರನ್ನು ತಿಳಿದು, ಜೋಡಿಗೆ ಬೇರೆ ವಾಸನೆಯವರನ್ನು ಹುಡುಕುತ್ತವಂತೆ. ನಮ್ಮೂರ ಕಡೆ ಸಂಬಂಧಕ್ಕೆ ಮೊದಲು ಬಳಿ, ಅಂದರೆ ತಾಯಿಯ ಕಡೆಯ ಗೋತ್ರ, ಯಾವುದೆಂದು ಕೇಳಿ, ಒಂದೇ ಬಳಿಯಾದರೆ ಬೇಡ ಎನ್ನುವುದಿಲ್ಲವೇ, ಹಾಗೆ. ಇಲಿಗೆ ದಲ್ಲಾಳಿಯೂ ಬೇಡ!

"ಲೇಕಿನ್ ಮಾಮಾ, ಉಸ್ ಕೆ ಊಪರ್ ಬಾಹರ್ ಕಾ ಸ್ಮೆಲ್ ಭೀ..." ಎಂದು ಅವಳು ಹೊರಗಿನ ವಾಸನೆಯ ಬಗ್ಗೆ ಏನೋ ಸೇರಿಸಿದಳು. ಅಷ್ಟರಲ್ಲಿ ಚಿನ್ನಿಯನ್ನು ಹುಡುಕಲು ನಾನು ಚಪ್ಪಲಿ ಮೆಟ್ಟಿಯಾಗಿತ್ತು.

ಪಕ್ಕದ ಸೊಸೈಟಿಯ ಕಟ್ಟೆಯ ಮೇಲೆ ಬೂದು ಬೆಕ್ಕು! "ಚಿನ್ನೀ" ಎಂದೆ. ಓಡಿ ಬಂದು ನನ್ನ ಬೆರಳು ನೆಕ್ಕಿತು. ಎತ್ತಿಕೊಂಡು ತಲೆ, ಬೆನ್ನು ಎಲ್ಲಾ ಸವರಿದೆ. ಕಣ್ಣು ತುಂಬಿ ಬಂತು.

"ಅಹೋ! ತೀ ಮಾಝೀ ಮನೀ ಆಹೆ!" ನೆಲಮಹಡಿಯ ಜೋಶಿ ಕಾಕು, ಅಂದರೆ ಜೋಶಿ ಆಂಟಿ, ಅದು ತಮ್ಮ ಬೆಕ್ಕು ಮನಿ ಎಂದು ಕೂಗುತ್ತಾ ಹೊರಬಂದರು. ವಾಚ್‌ಮನ್ ಬಂದ. ಬೆಂಚಿನ ಮೇಲಿದ್ದ ನಾಲ್ವರು ನಿವೃತ್ತರೂ ಎದ್ದು ಬಂದರು.

"ಕಾಕು, ಝಗಡಾ ನಕೋ. ಸಾಯನ್ಸ್ ಹೈ," ಎಂದು ನಾನು ಕೈಯೆತ್ತಿ ಸಭೆಯನ್ನು ಶಾಂತಗೊಳಿಸಿದೆ. ನಂತರ ಸರ್ವರ ಸಮಕ್ಷಮದಲ್ಲಿ ಬೆಕ್ಕಿನ ಬೆನ್ನಿಗೆ ಮೂಗಿಟ್ಟು, ಕಣ್ಣು ಮುಚ್ಚಿ ಮೂಸಿದೆ. ಬಂಗುಡೆ! ಅದರ ಹಿಂದೆ ಬೆಳ್ಳುಳ್ಳಿ! ಸಾಕ್ಷಾತ್ ನಮ್ಮ ಮನೆ!

"ಆಪ್ ಕೆ ಘರ್ ಮೆ ಮಚ್ಛೀ ಬನ್ತೀ ಹೈ?" ಮನೆಯಲ್ಲಿ ಮೀನು ಮಾಡುತ್ತೀರಾ ಎಂದು ಕಾಕುವನ್ನು ಕೇಳಿದೆ.

"ಶೀ! ನಾವು ಮೊಟ್ಟೆ ಸುದ್ಧಾ ಮುಟ್ಟೋದಿಲ್ಲ," ಎನ್ನುವ ಅರ್ಥದಲ್ಲಿ ಕಾಕು ಮರಾಠಿಯಲ್ಲಿ ಗುಡುಗಿದರು.

"ತೋ ಬಿಲ್ಲೀ ಮೆ ಬಾಂಗ್ಡಾ ಕಹಾಂ ಸೆ ಆಯಾ?" ಹಾಗಾದರೆ ಬೆಕ್ಕಿಗೆ ಬಂಗುಡೆ ಎಲ್ಲಿಂದ ಬಂತು ಎಂದೆ.

ನಿವೃತ್ತರಲ್ಲೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ವಕೀಲನಾಗಬೇಕಿತ್ತು!

ಕಾಕು ಮಾತ್ರ ಜಗ್ಗಲಿಲ್ಲ. "ಚಲಾ, ನಿಮ್ಮ ಬಾಯ್ಕೋನ್ನೇ ಕೇಳೋಣ," ಎಂದು ನನ್ನ ಹೆಂಡತಿಯ ಸಾಕ್ಷಿಗಾಗಿ ನನ್ನ ಜೊತೆಗೇ ಹೊರಟರು. ವಾಚ್‌ಮನ್ ಡ್ಯೂಟಿ ಬಿಟ್ಟು ಬಂದ. ನಾಲ್ವರು ನಿವೃತ್ತರು ಮೊಣಕಾಲು ನೋವು ಮರೆತು ಮೂರು ಮಹಡಿ ಹತ್ತಿದರು.

ಬಾಗಿಲು ತೆರೆದ ಸುಮತಿಯ ಮುಖ ಅರಳಿತು. ಅರ್ಧ ಸೆಕೆಂಡು ಮಾತ್ರ.

"ಇದು ಚಿನ್ನಿ ಅಲ್ಲ ಮಾರಾಯ್ರೆ! ಚಿನ್ನಿಯ ಎಡಗಿವಿ ಹರಿದದ್ದು ಇಷ್ಟು ವರ್ಷದಲ್ಲಿ ನಿಮ್ಮ ಕಣ್ಣಿಗೆ ಬೀಳಲೇ ಇಲ್ವಾ?"

ಬಿದ್ದಿರಲಿಲ್ಲ. ನನ್ನದು ಮೂಗಿನ ಇಲಾಖೆ. "ವಾಸನೆ ನೋಡು! ಬಂಗುಡೆ!" ಎಂದೆ.

ಸುಮತಿ ಬೆಕ್ಕನ್ನು ಮೂಸಲಿಲ್ಲ. ನನ್ನ ಕೈ ಹಿಡಿದು ಮೂಸಿದಳು. "ಮೀನು ಕ್ಲೀನ್ ಮಾಡಿ ಕೈ ತೊಳೆದ್ರಾ?"

ತೊಳೆದಿರಲಿಲ್ಲ.

"ವಹೀ ತೋ ಬೋಲ್ ರಹೀ ಥೀ!" ಪ್ರಾಚಿ ಹಣೆ ಚಚ್ಚಿಕೊಂಡಳು, ಅದನ್ನೇ ಹೇಳಲು ಹೊರಟಿದ್ದಳಂತೆ. ಜೀನ್‌ಗಳ ವಾಸನೆ ಒಳಗಿನದಂತೆ, ಅದು ಬೆಕ್ಕಿನ ಮೂಗಿಗೆ ಸಿಗಬಹುದೇ ಹೊರತು ಹೋಟೆಲಿನವರ ಮೂಗಿಗಲ್ಲವಂತೆ. ಇಡೀ ಸೊಸೈಟಿಯ ಎದುರು ನಾನು ಮೂಸಿ ಗುರುತು ಹಿಡಿದದ್ದು ನನ್ನ ಕೈಯನ್ನು!

ಆಗ ಕಾಕುವಿನ ಮನಿ "ಮಿಯಾಂವ್" ಎಂದಿತು. ಅಡುಗೆಮನೆ ಕಿಟಕಿಯ ಹೊರಗೆ, ಹಸಿರು ಬಲೆಯೊಳಗಿಂದ ಸಣ್ಣ ಉತ್ತರ ಬಂತು. ಸುಮತಿ ಓಡಿ ಬಲೆ ಸರಿಸಿದಳು. ಬಾಲದ ತುದಿಗೆ ಬಿಳಿ ಬಣ್ಣ ಮೆತ್ತಿಕೊಂಡ ಚಿನ್ನಿ ಒಳಗೆ ಜಿಗಿಯಿತು!

ಎರಡೂ ಬೆಕ್ಕುಗಳು ಮೂಗಿಗೆ ಮೂಗು ತಾಗಿಸಿದವು. ಜಗಳವಿಲ್ಲ, ಬಾಲ ನೆಟ್ಟಗೆ. ಮನಿಯನ್ನು ಮರಿಯಿದ್ದಾಗ ಎತ್ತಿಕೊಂಡು ಹೋದದ್ದು ನಮ್ಮದೇ ನೀರಿನ ಟಾಂಕಿಯ ಹಿಂದಿನಿಂದ ಎಂದು ಕಾಕು ಆಗ ಹೇಳಿದರು. "ಬೆಹನೆ ಹೋಂಗೀ ಶಾಯದ್!" ಎಂದಳು ಪ್ರಾಚಿ. ಅಕ್ಕತಂಗಿಯರು, ಅಂದರೆ ಒಂದೇ ಬಳಿ!

ಸುಮತಿ ಅಳುತ್ತಾ ನಗುತ್ತಾ ಚಿನ್ನಿಯನ್ನು ಅಪ್ಪಿಕೊಂಡಳು. ನನಗೂ ಖುಷಿ ತಡೆಯಲಾಗದೆ ಕೈ ಚಾಚಿದೆ. ಚಿನ್ನಿ ಬಂಗುಡೆ, ಬೆಳ್ಳುಳ್ಳಿ, ಮನಿ ಎಲ್ಲದರ ವಾಸನೆ ಬೆರೆತ ನನ್ನ ಅಂಗಿಯನ್ನು ಒಮ್ಮೆ ಮೂಸಿ "ಹಿಸ್ಸ್" ಎಂದಿತು. ಮನೆಯೊಳಗೆ ಅಪರಿಚಿತ ಅಂತ ಅದಕ್ಕೆ ಅನಿಸಿದ್ದು ನಾನೊಬ್ಬನೇ.

ಆ ಮಧ್ಯಾಹ್ನ ಸುಮತಿ ಮೂರು ಸಲ ಅನ್ನ ಹಾಕಿಸಿಕೊಂಡಳು. ಕಾಕು ಬಂಗುಡೆಯ ಪಾತ್ರೆಯಿಂದ ಆದಷ್ಟು ದೂರ ಕೂತು ಚಹಾ ಕುಡಿದರು.

ಮರುದಿನ ಬೆಳಿಗ್ಗೆ ವಾಡಿಕೆಯಂತೆ ಮನೆಯ ಇಡ್ಲಿ ಹಿಟ್ಟಿನ ಮುಂದೆ ಬಗ್ಗಿದೆ. ಸುಮತಿ ಪಾತ್ರೆ ಹಿಂದಕ್ಕೆಳೆದಳು. "ಮೊದಲು ಕೈ ತೊಳೆದು ಬನ್ನಿ."

ತೊಳೆದು ಬಂದೆ. ಸೋಪು ಹಾಕಿ, ಎರಡು ಸಲ. ಚಿನ್ನಿ ಬಂದು ಹತ್ತೂ ಬೆರಳು ಪರೀಕ್ಷಿಸಿ, ಸುಮ್ಮನೆ ಹೋಗಿ ಮಲಗಿತು.

"ಹಾಂ, ಈಗ ಮೂಸಿ," ಎಂದಳು ಸುಮತಿ.