ಮುಂದಿನ ಹುಣ್ಣಿಮೆಯ ಅರೆನೆರಳು

ಆಕಾಶದ ಸುದ್ದಿ ಹೇಳಹೊರಟವನ ಕಾಲು ನೆಲದ ಮೇಲೆ ಎಡವುತ್ತಲೇ ಇರುತ್ತದೆ. ಸೊಲ್ಲಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, ನಿವೃತ್ತನಾಗಿ ಮೈಂದರ್ಗಿಗೆ ಬಂದ ಮೇಲೂ ನನಗದು ತಪ್ಪಿಲ್ಲ. ಮುಂದಿನ ಹುಣ್ಣಿಮೆಗೆ ಅರೆನೆರಳಿನ ಚಂದ್ರಗ್ರಹಣವಿದೆ. ಚಂದ್ರ ಕಪ್ಪಾಗುವುದಿಲ್ಲ, ಭೂಮಿಯ ತೆಳು ನೆರಳು ಸೋಕಿ ಒಂದಿಷ್ಟು ಮಂಕಾಗುತ್ತಾನೆ, ಅಷ್ಟೇ. ಪಕ್ಕದ ಮನೆಯ ಏಳು ತಿಂಗಳ ಬಸುರಿ ಸೊಸೆಗೆ ಅದನ್ನು ನೋಡಲೇಬೇಕು. ಅವಳ ಅತ್ತೆಗೆ ಅವಳನ್ನು ಕೋಣೆಯೊಳಗೆ ಕೂಡಿಸಲೇಬೇಕು. ನಡುವೆ ನಾನು.

ಬೋರ್ಡು

ಕಟ್ಟೆಯ ಮೇಲೆ ಹಲಗೆ ಇಟ್ಟು ಬರೆದೆ: "ನಮ್ಮ ಮಾಳಿಗಿ ಮ್ಯಾಲ ಛಾಯಾಗ್ರಹಣ. ಪುಕ್ಕಟೆ. ಎಲ್ಲಾರೂ ಬರ್ರಿ." ಛಾಯೆ ಎಂದರೆ ನೆರಳು, ನನ್ನ ಸಂಸ್ಕೃತ ಸರಿಯಾಗಿಯೇ ಇತ್ತು. ತಾರೀಖು ಬರೆಯಲು ಮಾತ್ರ ಮರೆತಿದ್ದೆ.

ಅದೇ ಸಂಜೆ ಕುರಿ ಕಾಯುವ ಕಾಕಾ ಹೊಸ ರುಮಾಲು ಸುತ್ತಿ, ಹೆಂಡತಿಗೆ ಇಳಕಲ್ ಸೀರೆ ಉಡಿಸಿ, ಕಂಕುಳಲ್ಲಿ ಕುರಿಮರಿ ಹಿಡಿದು ಬಂದ.

"ಸರ, ಫೋಟೊಕ್ಕ ನಾವು ನಿಂದ್ರಬೇಕೋ, ಕುಂಡ್ರಬೇಕೋ?"

ನೆರಳಿನ ಪಾಲು

ಫೋಟೊ ಇಲ್ಲವೆಂದು ಹೇಗೆ ಹೇಳಲಿ? ಗ್ರಹಣ ವಿವರಿಸಲು ಶುರುಮಾಡಿದೆ.

"ಭೂಮಿ ನೆರಳು ಚಂದ್ರನ ಮ್ಯಾಲ ಬೀಳತದ, ಕಾಕಾ."

ಆತ ಮೇಲೆ ನೋಡಿದ. "ಭೂಮಿ ಅಂದ್ರ ಅದರಾಗ ನಾವೂ ಅದೀವಲ್ರಿ?"

"ಅದೀವಿ."

"ಈ ಮರಿ?"

"ಅದೂ."

ಕಾಕಾ ಆಕಾಶಕ್ಕೆ ಕೈಮುಗಿದ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಇದೇ ವೃತ್ತಗಳನ್ನು ಗೀಚಿದ ನನಗೆ ಆಗ ಮೈ ಜುಮ್ಮೆಂದಿತು. ನಾವು ಇಷ್ಟು ಮಂದಿ, ಹೊಲ, ಮಗ್ಗ, ಎಮ್ಮೆ ಎಲ್ಲ ಕೂಡಿ ಅಷ್ಟು ದೂರ ನೆರಳು ಚೆಲ್ಲುತ್ತೇವಲ್ಲ!

ಕಾಕಾ ಮರಿಯ ಕಿವಿಯಲ್ಲಿ ಮೆಲ್ಲಗೆ ಹೇಳಿದ: "ಆವತ್ತ ಜಿಗದಾಡಬ್ಯಾಡೋ, ಚಂದ್ರನ ಮ್ಯಾಲ ಕಾಣತದ."

ಅತ್ತೆಯ ಸವಾಲು

ಗೋಡೆಯಾಚೆಯಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದ ಅತ್ತೆ ಮರುದಿನ ಬೆಳಿಗ್ಗೆ ಪಂಚಾಂಗ ಹಿಡಿದು ಬಂದರು. ಹಿಂದೆ ಸೊಸೆ.

"ಸರ, ಇದರಾಗ ಈ ಗ್ರಹಣ ಪಾಳಬೇಕಂತ, ಆಚರಿಸಬೇಕಂತ ಬರದಿಲ್ಲ. ಖರೇ ಹೇಳ್ರಿ, ಇದು ಗ್ರಹಣ ಹೌದೋ ಅಲ್ಲೋ?"

ಅಲ್ಲ ಎಂದರೆ ಹುಡುಗಿಗೆ ಬಿಡುಗಡೆ. ಅತ್ತೆಯ ಬೆನ್ನ ಹಿಂದೆ ಅವಳು 'ಅಲ್ಲ ಅನ್ರಿ, ಅಲ್ಲ ಅನ್ರಿ' ಎಂದು ಕೈಯಾಡಿಸುತ್ತಿದ್ದಳು. ಸುಡುಗಾಡು ಭೌತಶಾಸ್ತ್ರ, ಬಾಯಿಗೆ ಸುಳ್ಳು ಬರಲಿಲ್ಲ.

"ಗ್ರಹಣಾನೇ ರಿ, ವೈನಿ. ಆದ್ರ ಬರೇ ನೆರಳಿಂದು."

"ಮುಗೀತು. ನೀ ಒಳಗ ಕುಂಡ್ರು," ಎಂದರು ಅತ್ತೆ.

ಸೊಸೆ ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಅವರ ಕಡೆ ತಿರುಗಿದಳು. "ಅತ್ತಿ, ಬಸರಿ ಇದ್ದಿ, ಬಿಸಲಾಗ ನಿಂದ್ರಬ್ಯಾಡ, ನೆರಳಾಗ ಕುಂಡ್ರು ಅಂತ ದಿನಾ ಒದರವರು ಯಾರ್ರಿ? ಇಷ್ಟು ದೊಡ್ಡ ನೆರಳು ಮತ್ತೆಲ್ಲಿ ಸಿಗತದ?"

ಅತ್ತೆ ಪಂಚಾಂಗ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ನನಗೆ ಹೇಳಿದರು:

"ಸರ, ಮಾಳಿಗಿ ಮ್ಯಾಲ ಎರಡು ಕುರ್ಚಿ ಹಾಕ್ರಿ. ನನಗೂ ಬಿಸಲು ತಡಿಯಂಗಿಲ್ಲ."